ಅತ್ತೆಯ ಹೆಸರಿನಲ್ಲಿ ಒಂದು ಉಪವಾಸ

ನಾನು ಶಿಗ್ಗಾವಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಹಾನಗಲ್ಲಿನಲ್ಲಿ, ದಿನಾ ಬಸ್ಸು. ಬಾಯಿ ಜೋರು ಎಂದು ನನಗೆ ಹೆಸರು. ಹುಡುಗರ ಮಾತು ಬಿಡಿ, ನಮ್ಮ ಹೆಡ್‌ಮಾಸ್ತರು ಕೂಡ ನನ್ನ ಹತ್ತಿರ ಏನಾದರೂ ಹೇಳುವುದಿದ್ದರೆ ಒಂದು ಗುಟುಕು ನೀರು ಕುಡಿದು ಬರುತ್ತಾರೆ. ಜಾತಿ ಗೀತಿ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಸ್ಟಾಫ್ ರೂಮಿನಲ್ಲಿ ಇದರ ಮೇಲೆ ನಾನು ಕೊಟ್ಟ ಭಾಷಣಗಳನ್ನು ಕೇಳಿ ಕೇಳಿ ಸಹೋದ್ಯೋಗಿಗಳ ಕಿವಿ ತೂತು ಬಿದ್ದಿವೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಗುವುದಕ್ಕೆ ನಿಮಗೆ ಅನುಕೂಲವಾಗಲಿ.

ನಮ್ಮ ಶಾಲೆಯ ಗಣಿತದ ಟೀಚರ್ ಸವಣೂರಿನವರು. ಮುಸಲ್ಮಾನರ ಮನೆತನ, ತಂದೆ ಎಲೆಬಳ್ಳಿ ತೋಟ ಮಾಡಿಕೊಂಡಿದ್ದವರು, ತೀರಿಹೋಗಿ ಕೆಲವು ವರ್ಷವಾಯಿತು. ಗಂಡನಿಗೆ ಕಲಬುರಗಿಯಲ್ಲಿ ನೌಕರಿ. ಸವಣೂರಿನ ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ. ವಯಸ್ಸಿನಲ್ಲಿ ನನಗಿಂತ ಸಣ್ಣವರು, ನನ್ನನ್ನು ಅಕ್ಕಾರ ಅನ್ನುತ್ತಾರೆ. ಶಾಲೆಯಲ್ಲಿ ನನಗೆ ನಿಜವಾದ ಗೆಳತಿ ಅಂತ ಇದ್ದವರು ಅವರೊಬ್ಬರೇ. ನನ್ನ ಕೋಪಕ್ಕೆ ಹೆದರದೆ, "ಸಾಕ್ರಿ ಅಕ್ಕಾರ, ಬಿ.ಪಿ. ಏರ್ತೈತಿ" ಎಂದು ನಗುವ ಧೈರ್ಯ ಅವರಿಗೆ ಮಾತ್ರ ಇತ್ತು.

ಆ ಚಳಿಗಾಲದಲ್ಲಿ ಅವರಿಗೆ ಕಲಬುರಗಿಗೆ ವರ್ಗವಾಯಿತು. ತಾಯಿಯನ್ನೂ ಕರೆದುಕೊಂಡು ಜನವರಿಯಲ್ಲಿ ಹೊರಡುವವರಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಅಂದರು: "ಅಕ್ಕಾರ, ನಾ ಈ ಸೀಮಿ ಬಿಡೂದ್ರಾಗ ಒಮ್ಮೆ ನಮ್ಮ ಮನಿಗೆ ಬರ್ರಿ. ಊರೂ ನೋಡಿದಂಗ ಆಕ್ಕೈತಿ. ಅಮ್ಮ ಕೇಳ್ತಾಳ, ನಿಮ್ಮ ಕನ್ನಡದ ಟೀಚರ್ ಅಂಬೋರು ಖರೇನ ಅದಾರೋ, ಇಲ್ಲಾ ನೀ ಸುಮ್ನ ಕಥಿ ಕಟ್ಟಿ ಹೇಳಾಕತ್ತೀಯೋ ಅಂತ."

ಇಷ್ಟು ವರ್ಷದಲ್ಲಿ ನಾನು ಅವರ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಪ್ರತಿಸಲ ಏನಾದರೊಂದು ಅಡ್ಡ ಬರುತ್ತಿತ್ತು. ಈ ಸಲ ಹಾಗೆ ತಪ್ಪಿಸಿಕೊಂಡರೆ ಗೆಳೆತನಕ್ಕೆ ಅರ್ಥವೇ ಇಲ್ಲ ಅನಿಸಿ, ಬರುತ್ತೇನೆ ಎಂದುಬಿಟ್ಟೆ. ಆ ವರ್ಷ ಕ್ರಿಸ್‌ಮಸ್ ರಜೆ ಸೋಮವಾರ ಬಂದಿತ್ತು. ಅವತ್ತೇ ಎಂದು ಗೊತ್ತುಮಾಡಿದೆವು.

ಮನೆಯಲ್ಲಿ ಈ ಮಾತು ಎತ್ತಿದ್ದೇ ತಡ, ಟಿ.ವಿ. ಮುಂದೆ ಚಾದರ ಹೊದ್ದು ಕೂತಿದ್ದ ನಮ್ಮ ಅತ್ತೆ ತಿರುಗಿದರು. "ನಾನೂ ಬರ್ತೇನಿ. ಅಲ್ಲಿ ಆ ದೊಡ್ಡ ಹುಣಸಿಮರ ಅದಾವಂತ, ಸಾಯೂದ್ರಾಗ ಒಮ್ಮೆ ನೋಡಬೇಕು. ಆಧಾರ್ ಕಾರ್ಡ್ ತೋರಿಸಿದ್ರ ಬಸ್ಸಿನವರೂ ರೊಕ್ಕ ಕೇಳಂಗಿಲ್ಲ."

ಇದನ್ನು ನಾನು ಎಣಿಸಿರಲಿಲ್ಲ. ಅತ್ತೆ ಹಿರೇಕೆರೂರಿನ ಕಡೆಯವರು, ಹತ್ತಿ ವ್ಯಾಪಾರದ ಮನೆಯ ಮಗಳು. ಲಿಂಗಪೂಜೆ ಆಗದೆ ಒಂದು ಹನಿ ನೀರು ಬಾಯಿಗೆ ಹಾಕುವವರಲ್ಲ. ಮನಸ್ಸಿಗೆ ಬಂದದ್ದನ್ನು ಮುಖದ ಮೇಲೆ ಹೇಳಿಬಿಡುವ ಜಾತಿ. ಸಂತೆಯಲ್ಲಿ ಅವರ ಜೊತೆ ನಿಂತರೆ ನನಗೇ ತಲೆತಗ್ಗಿಸುವ ಹಾಗಾಗುತ್ತದೆ. ಇಂಥವರನ್ನು ಆ ಮನೆಗೆ ಕರೆದೊಯ್ದು, ಅವರು ಚಹಾದ ಕಪ್ಪು ಮುಂದೆ ಬಂದಾಗ 'ನಿಮ್ಮ ಮನ್ಯಾಗ ನಾ ಒಲ್ಲೆ' ಅಂದರೆ? ಗೆಳತಿಯ ತಾಯಿಯ ಮುಖ ನೋಡುವುದು ಹೇಗೆ? ಎರಡು ದಿನ ಇದೇ ಯೋಚನೆ. ಅತ್ತೆಯನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಅವರು ಏನನ್ನುತ್ತಾರೆ ಎಂಬುದು ನನಗೆ ಗೊತ್ತೇ ಇದೆ ಅಂದುಕೊಂಡೆ.

ಶನಿವಾರ ಶಾಲೆ ಬಿಡುವ ಹೊತ್ತಿಗೆ ಗೆಳತಿಯನ್ನು ಪಕ್ಕಕ್ಕೆ ಕರೆದು ಹೇಳಿದೆ: "ಟೀಚರ್, ನಮ್ಮ ಅತ್ತೀನೂ ಬರ್ತಾರ. ಆದ್ರ ಸೋಮವಾರ ಅವರದು ಕಡಕ್ ಉಪವಾಸರೀ. ನೀರ ಸುದ್ದಾ ಮುಟ್ಟೂದಿಲ್ಲ. ಅವರ ಮುಂದ ನಾನೂ ಏನೂ ತಗೊಳ್ಳೂದಿಲ್ಲ. ನೀವು ಅಡಗಿ ಗಿಡಗಿ ಅಂತ ತ್ರಾಸ ತಗೋಬ್ಯಾಡ್ರಿ, ಸುಮ್ನ ಕುಂತು ಮಾತಾಡಿ ಬರೂಣು."

ಅವರ ಮುಖ ಒಂದು ಗಳಿಗೆ ಬಾಡಿತು. ಆಮೇಲೆ, "ಹಂಗ ಆಗ್ಲಿ ಬಿಡ್ರಿ. ವಯಸ್ಸಾದವರು, ಅಷ್ಟ ದೂರ ಬಂದ್ರ ಸಾಕು" ಅಂದರು. ನನಗೆ ತಲೆಯ ಮೇಲಿನ ಹೊರೆ ಇಳಿದ ಹಾಗಾಯಿತು. ಯಾರ ಮನಸ್ಸಿಗೂ ನೋವಾಗದ ಹಾಗೆ ಎಂಥ ನಾಜೂಕಾಗಿ ದಾರಿ ತೆಗೆದೆ ಎಂದು ಬಸ್ಸಿನಲ್ಲಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಬೆಳಿಗ್ಗೆ ಹೊರಟಾಗ ಕಣ್ಣೆದುರಿನ ಕಂಬ ಕಾಣದಷ್ಟು ಮಂಜು. ಅತ್ತೆ ಸೀರೆಯ ಮೇಲೆ ನನ್ನ ಗಂಡನ ಸ್ವೆಟರು, ತಲೆಗೆ ಮಫ್ಲರು, ಅದರ ಮೇಲೆ ಚಾದರ, ಇಷ್ಟೆಲ್ಲ ಹಾಕಿಕೊಂಡೂ "ಥಂಡಿ ಎಲುಬಿಗೆ ಇಳದೈತಿ" ಎಂದು ದಾರಿಯುದ್ದಕ್ಕೂ ಗೊಣಗಿದರು. ಬಸ್ಸಿನ ಕಿಟಕಿಯ ಗಾಜು ಸರಿಯಾಗಿ ಮುಚ್ಚುತ್ತಿರಲಿಲ್ಲ. ಬಂಕಾಪುರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಚಹಾ ಕುಡಿಸಿ, ಬನ್ನು ತಿನ್ನಿಸಿ, ಹೊಟ್ಟೆ ಗಟ್ಟಿ ಮಾಡಿಸಿದೆ. ಸಂಜೆಯವರೆಗೆ ಇದರ ಮೇಲೆ ತಳ್ಳಬೇಕಲ್ಲ! ಅತ್ತೆಗೆ ನನ್ನ ಆ ಉಪಚಾರ ಕಂಡು ಆಶ್ಚರ್ಯವೋ ಆಶ್ಚರ್ಯ.

ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅತ್ತೆಯ ಎರಡೂ ಕೈ ಹಿಡಿದು, "ಬರ್ರಿ ಯವ್ವಾ. ಭಾಳ ದಣಿದಿರೇನು? ಸಾವಕಾಶ ಹತ್ರಿ" ಅಂದರು. ಅವತ್ತು ಊರೆಲ್ಲ ತೋರಿಸಿದ್ದು ಅವರೇ. ನವಾಬರ ಕಾಲದ ಕಮಾನುಗಳು, ಗೋಡೆ ಕುಸಿದು ಆಲದ ಬೇರು ಹೊಕ್ಕಿದ್ದ ಹಳೆಯ ಕಟ್ಟಡಗಳು, ಮಂಜಿನೊಳಗೆ ಅರ್ಧ ಮುಳುಗಿದ್ದ ಕೆರೆ. ಹೋದ ಹೋದಲ್ಲಿ ಅತ್ತೆಗೆ ಕೂರಲು ಜಾಗ ಹುಡುಕುತ್ತಿದ್ದರು. ಕಲ್ಲು ತಣ್ಣಗಿದೆ ಎಂದು ತಮ್ಮ ಶಾಲು ಮಡಿಸಿ ಹಾಸಿದರು. ಚಹಾದ ಅಂಗಡಿ ಕಂಡರೆ ಆಟೋದವನಿಗೆ ಮುಂದೆ ಹೊಡೆಯಲು ಹೇಳುತ್ತಿದ್ದರು, ಉಪವಾಸದವರ ಮೂಗಿಗೆ ವಾಸನೆ ಹೋಗಬಾರದೆಂದು. ಇದು ನನಗೆ ತಿಳಿಯುತ್ತಿತ್ತು, ಅತ್ತೆಗೆ ಹೇಗೆ ತಿಳಿಯಬೇಕು?

ದೊಡ್ಡ ಹುಣಸೆಮರಗಳು ಮಠದ ಆವರಣದಲ್ಲಿವೆ. ಹೆಸರಿಗೆ ಹುಣಸೆ, ಹುಣಸೆಗೂ ಅದಕ್ಕೂ ಸಂಬಂಧವಿಲ್ಲ, ಆಫ್ರಿಕದ ಕಡೆಯ ಮರ. ಚಳಿಗಾಲವಾದ್ದರಿಂದ ಒಂದು ಎಲೆಯೂ ಇರಲಿಲ್ಲ. ಬೊಡ್ಡೆ ಮಾತ್ರ ಒಂದು ಕೋಣೆಯಷ್ಟು ಅಗಲ. ಅತ್ತೆ ಮೊದಲು ಕೈಮುಗಿದರು, ಆಮೇಲೆ ನನ್ನ ಸೆರಗು ಜಗ್ಗಿದರು.

"ಅಲ್ಲಾ, ನಿನ್ನ ಗೆಳತಿ ಎಂಥಾ ಜುಗ್ಗಿ ಅದಾಳ ಮಾರಾಯ್ತಿ! ಇಷ್ಟ ಥಂಡ್ಯಾಗ ತಿರುಗಸಾಕತ್ಯಾಳ, ಒಂದ್ ಚಾ ತಗೋರಿ ಅನ್ನವಲ್ಲಳು. ಬಾಯಿ ಮಾತು ಏನ್ ಬೆಲ್ಲದಂಗ!"

ಗೆಳತಿ ಆಚೆ ಆಟೋದವನ ಜೊತೆ ಮಾತಾಡುತ್ತಿದ್ದರು. ನಾನು ಅತ್ತೆಯನ್ನು ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ಚೀಲದಿಂದ ಬಿಸ್ಕತ್ತಿನ ಪುಡಿಕೆ ತೆಗೆದುಕೊಟ್ಟೆ. "ಲಗೂನ ತಿನ್ರಿ" ಅಂದೆ. ಅತ್ತೆ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿ, "ಮರದ ಹಿಂದ ನಿಂತು ತಿನ್ನಾಕ ನಾ ಏನ್ ಕಳವು ಮಾಡೇನೇನು?" ಅಂದರು. ಆದರೂ ತಿಂದರು, ಹಸಿವಾಗಿತ್ತು. ತುಟಿಗೆ ಅಂಟಿದ ಪುಡಿಯನ್ನು ನಾನೇ ಸೆರಗಿನಿಂದ ಒರೆಸಿದೆ. ಐವತ್ತರ ಹತ್ತಿರ ಬಂದ ಹೆಂಗಸು, ನೂರಾರು ಹುಡುಗರಿಗೆ ಪಾಠ ಹೇಳುವವಳು, ಮರದ ಮರೆಯಲ್ಲಿ ನಿಂತು ಅತ್ತೆಯ ಬಾಯಿ ಒರೆಸುತ್ತಿದ್ದೇನೆ. ಆಗಲೇ ನನಗೆ ಒಂದು ಥರ ಅಸಹ್ಯವಾಯಿತು. ಆದರೆ ಅಷ್ಟು ದೂರ ಬಂದ ಮೇಲೆ ಹಿಂದೆ ಸರಿಯುವುದು ಹೇಗೆಂದು ತಿಳಿಯಲಿಲ್ಲ.

ಮನೆ ಸೇರುವಾಗ ಮಧ್ಯಾಹ್ನ ಇಳಿದಿತ್ತು, ಊಟದ ಹೊತ್ತು ಮೀರಿತ್ತು. ಹಳೆಯ ಹಂಚಿನ ಮನೆ, ಅಂಗಳದಲ್ಲಿ ಬಿಸಿಲಿಗೆ ಚಾಪೆ ಹಾಸಿದ್ದರು. ಗೆಳತಿಯ ತಾಯಿ ಸಣ್ಣ ಮೈಕಟ್ಟಿನ ಮುದುಕಿ. ಬಾಗಿಲಲ್ಲೇ ನಿಂತಿದ್ದರು. ನನ್ನ ಗದ್ದ ಹಿಡಿದು ನೋಡಿ, "ಖರೇನ ಅದೀರಿ ಹಂಗಾರ!" ಎಂದು ನಕ್ಕರು. ಅತ್ತೆಯನ್ನು ಚಾಪೆಯ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಇಬ್ಬರಿಗೂ ಮಾತು ಕುದುರಿತು. ಮಂಡಿನೋವು, ಸಕ್ಕರೆ ಕಾಯಿಲೆ, ಗುಳಿಗೆಗಳ ಬಣ್ಣ, ಸೊಸೆಯಂದಿರ ಸೊಕ್ಕು. ನಾನೂ ಗೆಳತಿಯೂ ನಗುತ್ತಾ ಕೇಳುತ್ತಿದ್ದೆವು. ಎಲ್ಲ ಸುಸೂತ್ರವಾಗಿ ಮುಗಿಯಿತು, ಇನ್ನು ಬಸ್ಸಿನ ಹೊತ್ತಾಯಿತು ಎಂದು ಏಳುವುದೊಂದೇ ಬಾಕಿ ಅಂದುಕೊಳ್ಳುತ್ತಿದ್ದೆ.

ಮಾತಾಡುತ್ತಾ ಆಡುತ್ತಾ ಆ ತಾಯಿಯ ನಾಲಗೆ ತೊದಲಿತು. ಹೇಳಿದ್ದನ್ನೇ ಮತ್ತೆ ಹೇಳಿದರು. ಕೈ ನಡುಗುತ್ತಿತ್ತು. ಅಷ್ಟು ಥಂಡಿಯಲ್ಲಿ ಹಣೆಯ ಮೇಲೆ ಬೆವರು ಕಿತ್ತುಬಂದಿತ್ತು. ಗೆಳತಿ "ಅಮ್ಮಾ, ಅಮ್ಮಾ" ಎಂದು ಎದ್ದರು. ಮೊದಲು ಗುರುತು ಹಿಡಿದವರು ನಮ್ಮ ಅತ್ತೆ. ಅವರಿಗೂ ಅದೇ ಕಾಯಿಲೆ.

"ಸಕ್ರಿ ಇಳದೈತಿ! ಲಗೂ ಸಕ್ರಿ ತರ್ರಿ, ಸಕ್ರಿ!"

ಗೆಳತಿ ಒಳಗೆ ಓಡಿ ಡಬ್ಬಿಯನ್ನೇ ತಂದರು. ಅತ್ತೆ ಮುದುಕಿಯ ತಲೆಯನ್ನು ತೋಳಿನಲ್ಲಿ ಹಿಡಿದು ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿದರು, ಆಮೇಲೆ ಸಕ್ಕರೆ ನೀರು ಕುಡಿಸಿದರು. ನಾನು ಕಂಬ ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವರ ಕಣ್ಣಿಗೆ ಗುರುತು ಬಂತು, ನಡುಕ ನಿಂತಿತು. ಗೆಳತಿ ಸೆರಗಿನಿಂದ ತಾಯಿಯ ಮುಖ ಒರೆಸುತ್ತಾ ಅಳುತ್ತಿದ್ದರು.

ಅತ್ತೆಗೆ ಸಿಟ್ಟು ಬಂದಿತ್ತು. "ಮುಂಜಾನೆ ಗುಳಿಗಿ ತಗೊಂಡೀರಿ, ಹೊಟ್ಟಿಗೆ ಹಾಕಿಲ್ಲೇನು? ಇಷ್ಟ ಹೊತ್ತ ಹಸಕೊಂಡು ಕುಂದ್ರತಾರೇನು? ಜೀವದ ಮ್ಯಾಲ ಖಬರ ಇಲ್ಲೇನ್ರಿ ನಿಮಗ?"

ಆ ತಾಯಿ ಸೋತ ದನಿಯಲ್ಲಿ ಅಂದರು: "ಹೆಂಗ ಉಣ್ಲಿರೀ? ನೀವು ಉಪವಾಸ ಅದೀರಿ. ನೀರ ಸುದ್ದಾ ಮುಟ್ಟಿಲ್ಲ. ಮನಿಗೆ ಬಂದವರು ಹಸದು ಕುಂತಾಗ ನಮ್ಮ ಗಂಟಲಾಗ ತುತ್ತ ಇಳೀತೈತೇನ್ರಿ? ನಾವೂ ರಮಜಾನದಾಗ ರೋಜಾ ಇರೋರು, ನಮಗ ಗೊತ್ತಾಗೂದಿಲ್ಲೇನು?"

"ಉಪವಾಸಾ? ನಂದಾ?" ಅತ್ತೆ ಎಲ್ಲರ ಮುಖ ನೋಡಿದರು. "ಶ್ರಾವಣ ಬಿಟ್ರ ನಾ ಎಂದ ಸೋಮವಾರ ಮಾಡೇನಿ? ಈ ಸಕ್ರಿ ಬ್ಯಾನಿ ಇಟಗೊಂಡು ಉಪವಾಸ ಮಾಡಿ ಸಾಯಲೇನು? ಯಾರ ಹೇಳಿದ್ರು ನಿಮಗ?"

ಗೆಳತಿ ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು ಎಂಬುದು ಆ ನೋಟದಲ್ಲೇ ನನಗೆ ತಿಳಿಯಿತು. ಸಿಟ್ಟು ಇದ್ದರೆ ತಡೆದುಕೊಳ್ಳುತ್ತಿದ್ದೆ, ಸಿಟ್ಟು ಇರಲಿಲ್ಲ. ಏನೋ ಒಂದನ್ನು ಇಷ್ಟು ದಿನ ತಪ್ಪಾಗಿ ನಂಬಿದ್ದವರು ಈಗ ಸರಿಮಾಡಿಕೊಳ್ಳುತ್ತಿರುವ ಹಾಗೆ ಇತ್ತು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ನಂದ ತಪ್ಪರೀ ಯವ್ವಾ. ಅಕ್ಕಾರು ಸೋಮವಾರ, ಉಪವಾಸ ಅಂತ ಬ್ಯಾರೆ ಯಾರದೋ ಸುದ್ದಿ ಹೇಳಾಕತ್ತಿದ್ರು. ನಾನ ನಿಮ್ಮದು ಅಂತ ತಿಳಕೊಂಡೆ."

ಅವರ ತಾಯಿಗೆ ಎಲ್ಲಿಂದ ಶಕ್ತಿ ಬಂತೋ! ಎದ್ದು ಕೂತು ಮಗಳನ್ನು ತರಾಟೆಗೆ ತೆಗೆದುಕೊಂಡರು, ಅರ್ಧ ಉರ್ದುವಿನಲ್ಲಿ, ಅರ್ಧ ನಮಗೆ ಕೇಳಲೆಂದು ಕನ್ನಡದಲ್ಲಿ. "ಇಷ್ಟ ಓದೀದಿ, ಒಂದ್ ಮಾತ ನೆಟ್ಟಗ ಕೇಳಿಕೊಳ್ಳಾಕ ಬರೂದಿಲ್ಲೇನು? ಇಂಥಾ ಥಂಡ್ಯಾಗ ವಯಸ್ಸಾದವರನ್ನ ಊರೆಲ್ಲಾ ತಿರುಗಿಸಿ ಉಪವಾಸ ಕೆಡವಿದೆಲ್ಲ! ಮೊದಲನೇ ಸಲ ನಮ್ಮ ಮನಿಗೆ ಬಂದಾರ. ನಮ್ಮ ಮನಿ ಮಾನ ತಗದೆಲ್ಲ ನೀ!"

ಗೆಳತಿ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ. ಒಂದು ಮಾತು, 'ಅಮ್ಮಾ, ಅವರದಲ್ಲ, ನಂದು' ಎಂಬ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೆಡ್‌ಮಾಸ್ತರನ್ನು ನಡುಗಿಸುವ ಬಾಯಿ ಆಗ ಎಲ್ಲಿ ಹೋಗಿತ್ತೋ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ನೆಲ ನುಂಗಲಿಲ್ಲ, ನಾನೂ ಬಾಯಿಬಿಡಲಿಲ್ಲ.

ಅಡುಗೆ ಆಗಿಯೇ ಇತ್ತು. ಉಪವಾಸದ ಸುದ್ದಿ ತಿಳಿದ ಮೇಲೂ ಆ ತಾಯಿ ಬೆಳಿಗ್ಗೆ ಎದ್ದು ಎಲ್ಲ ಮಾಡಿ, ಸಂಜೆ ಉಪವಾಸ ಬಿಟ್ಟ ಮೇಲೆ ನಾವು ಮನೆಯಲ್ಲಿ ಉಣ್ಣಲಿ ಎಂದು ಡಬ್ಬಿ ಕಟ್ಟಿಟ್ಟಿದ್ದರು. ಮಸಾಲೆ ಹಾಕಿದ ಬಗಾರಾ ಅನ್ನ, ಹುಳಿ ಬೇಳೆ, ಬದನೆಕಾಯಿ ಪಲ್ಯ, ಶಾವಿಗೆ ಪಾಯಸ. ಆ ಡಬ್ಬಿಗಳನ್ನೇ ಬಿಚ್ಚಿ ಬಿಸಿ ಮಾಡಿದರು. ತಟ್ಟೆ ಮುಂದೆ ಬಂದಾಗ ನಾನು ಅತ್ತೆಯ ಮುಖವನ್ನೇ ನೋಡಿದೆ. ಎರಡು ದಿನ ನಿದ್ದೆ ಕೆಡಿಸಿದ ಗಳಿಗೆ ಬಂದೇಬಿಟ್ಟಿತ್ತು.

ಅತ್ತೆ ತಟ್ಟೆ ನೋಡಿದರು, ಆ ತಾಯಿಯನ್ನು ನೋಡಿದರು, ಸೀದಾ ಕೇಳಿಬಿಟ್ಟರು: "ಮಾಂಸದ ಭಾಂಡೇದಾಗ ಮಾಡಿದ್ದಲ್ಲ, ಹೌದಲ್ರಿ?"

"ಇಲ್ರಿ, ಇಲ್ರಿ. ಅದಕ್ಕ ಬ್ಯಾರೆ, ಇದಕ್ಕ ಬ್ಯಾರೆ ಇಟ್ಟೇವಿ. ಬಾಜೂ ಮನಿಯವರು ನಿಮ್ಮ ಪೈಕೀನ, ಅವರೂ ಬಂದು ಉಂತಾರ."

"ಹಂಗಾರ ಹಾಕ್ರಿ. ಹಸದು ಪ್ರಾಣ ಹೊಂಟೈತಿ."

ಅಷ್ಟೇ. ಕೇಳಿದವರಿಗೆ ಮುಜುಗರವಿಲ್ಲ, ಹೇಳಿದವರಿಗೆ ನೋವಿಲ್ಲ. ಇಬ್ಬರು ಮುದುಕಿಯರೂ ಎದುರುಬದುರು ಕೂತು ಉಂಡರು. ಬದನೆಕಾಯಿಗೆ ಏನು ಹಾಕಿದಿರಿ ಎಂದು ಅತ್ತೆ ಕೇಳಿ ಕೇಳಿ ತಿಳಿದುಕೊಂಡರು. ಸಕ್ಕರೆ ಕಾಯಿಲೆ ಮರೆತು ಪಾಯಸ ಎರಡು ಸಲ ಹಾಕಿಸಿಕೊಂಡರು. ಗೆಳತಿ ನನಗೂ ಬಡಿಸಿದರು. "ಇನ್ನೊಂದ್ ಸ್ವಲ್ಪ ಹಾಕ್ಲೇನ್ರಿ?" ಎಂದು ಮರ್ಯಾದೆಯಿಂದ ಕೇಳಿದರು. ದಿನಾ ಬಿಡುವಿನಲ್ಲಿ ನನ್ನ ಡಬ್ಬಿಯಿಂದ ಹೇಳದೆ ಕೇಳದೆ ಉಪ್ಪಿನಕಾಯಿ ಎತ್ತಿಕೊಳ್ಳುವವರು ಅವರು. ಅನ್ನವನ್ನು ನೀರು ಕುಡಿದು ಕುಡಿದು ಇಳಿಸಿದೆ.

ಬಸ್‌ಸ್ಟ್ಯಾಂಡಿನವರೆಗೆ ಗೆಳತಿ ಬಂದರು. ನನಗೆ ಏನಾದರೂ ಹೇಳಬೇಕಿತ್ತು. "ಟೀಚರ್..." ಅಂದೆ. "ಮಂಜು ಬೀಳೂದ್ರಾಗ ಮನಿ ಮುಟ್ರಿ ಅಕ್ಕಾರ" ಎಂದು ಅತ್ತೆಯ ಚಾದರ ಸರಿಮಾಡಿದರು. ಬಸ್ಸು ಹೊರಟಿತು.

ಊರು ದಾಟುವವರೆಗೆ ಅತ್ತೆ ಕಣ್ಣು ಮುಚ್ಚಿದ್ದರು. ನಿದ್ದೆ ಹೋದರೇನೋ ಅಂದುಕೊಂಡೆ.

"ಆ ಹುಡುಗಿ ಸುಳ್ಳ ಹೇಳಿದ್ಲು" ಅಂದರು ಇದ್ದಕ್ಕಿದ್ದಂತೆ. "ಗಣಿತ ಕಲಸಾಕಿ, ಇಷ್ಟ ಮಾತ ತಪ್ಪ ತಿಳಕೊಳ್ಳಾಕ ಅಕಿ ಏನ್ ಕೂಸೇನು? ನೀ ಹೇಳೀದಿ ಅಕಿಗೆ. ಅದಕ್ಕ ಮರದ ಹಿಂದ ಬಿಸ್ಕೀಟ ತಿನಿಸಿದಿ."

ನಾನು ಕಿಟಕಿಯ ಕಡೆ ನೋಡಿದೆ.

"ನಾ ಅಲ್ಲಿ ಉಣ್ಣೂದಿಲ್ಲ ಅಂತ ನಿನಗ ಯಾವಾಗ ಹೇಳೇನಿ? ನಮ್ಮಪ್ಪನ ಹತ್ತಿ ವ್ಯಾಪಾರದಾಗ ಅರ್ಧ ಮಂದಿ ಮುಸಲ್ಮಾನರ ಇದ್ರು. ಅವರ ಮನಿಗೆ ಹೋಗಿ ಬಂದು ಉಂಡು ಬೆಳದಾಕಿ ನಾನು." ದನಿ ಇಳಿಸಿ ಕೇಳಿದರು: "ಮತ್ತ ಇನ್ನ ಏನೇನ್ ಹೇಳೀದಿ ನನ್ನ ಹೆಸರ್ಲೆ?"

ಏನೇನು ಹೇಳಿದ್ದೆ! ಗೆಳತಿಯ ಮದುವೆಗೆ ಹೋಗದಿದ್ದಾಗ, ಅತ್ತೆ ಬಿಡಲಿಲ್ಲ ಅಂದಿದ್ದೆ. ಹಬ್ಬಕ್ಕೆ ಕರೆದಾಗಲೆಲ್ಲ ಅತ್ತೆಗೆ ಸರಿಬರುವುದಿಲ್ಲ ಅಂದಿದ್ದೆ. ಅವರ ತಂದೆ ತೀರಿಕೊಂಡಾಗ ಮಾತಾಡಿಸಲು ಸಹ ಹೋಗದೆ, ಮನೆಯಲ್ಲಿ ಹಿರಿಯರಿದ್ದಾರೆ, ನಿಮಗೆ ಗೊತ್ತಲ್ಲ ಅಂದಿದ್ದೆ. ಅವರು ಪ್ರತಿಸಲ "ಇರ್ಲಿ ಬಿಡ್ರಿ, ಹಳೇ ಕಾಲದವರು" ಎಂದು ನನಗೇ ಸಮಾಧಾನ ಹೇಳಿದ್ದರು. ಆ ಮನೆಯ ಹೊಸ್ತಿಲು ದಾಟಲು ಹಿಂಜರಿದದ್ದು ಹಳೇ ಕಾಲದವರಲ್ಲ. ನಾನು. ಶಾಲೆಯ ಬೆಂಚಿನ ಮೇಲೆ ಡಬ್ಬಿ ಹಂಚಿಕೊಳ್ಳಲು ಬಂದ ಧೈರ್ಯ ನನಗೆ ಅವರ ಅಡುಗೆಮನೆಯವರೆಗೆ ಬಂದಿರಲಿಲ್ಲ. ಅದನ್ನು ನನ್ನದೆಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಅತ್ತೆಯ ಹೆಸರಿಗೆ ಹಚ್ಚಿದ್ದೆ.

ಇದನ್ನೆಲ್ಲ ತಡವರಿಸುತ್ತಾ ಅವರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಫೋನ್ ಹಚ್ಚು" ಅಂದರು. "ಈಗ ಹಚ್ಚು. ಆ ಮುದುಕಿ ಇನ್ನೂ ಮಗಳನ್ನ ಬೈಯಾಕತ್ತಿರ್ತಾಳ. ನಂದ ತಪ್ಪು ಅಂತ ಹೇಳು."

ಹಚ್ಚಿದೆ. ಗೆಳತಿ ಎತ್ತಿದರು. ಹಿಂದೆ ತಾಯಿಯ ದನಿ ಇನ್ನೂ ಏರಿಯೇ ಇತ್ತು. "ಟೀಚರ್, ಅಮ್ಮನ ಕೈಯಾಗ ಕೊಡ್ರಿ" ಅಂದೆ. "ಸುಳ್ಳ ನಂದು ಅಂತ ಹೇಳ್ತೇನಿ. ನನ್ನ ಬೈಲಿ ಅವರು."

ಅವರು ಆಚೆ ಸರಿದಿರಬೇಕು, ತಾಯಿಯ ದನಿ ಸಣ್ಣದಾಯಿತು.

"ಬ್ಯಾಡ್ರಿ ಅಕ್ಕಾರ. ನಾ ಅಕಿ ಮಗಳು, ನನ್ನ ಬೈತಾಳ, ರಾತ್ರಿ ಕರದು ಉಣಿಸ್ತಾಳ. ನಿಮ್ಮನ್ನ ಬೈಯಾಕ ಅಕಿಗೆ ಬಾಯಿ ಬರೂದಿಲ್ಲ. ನೀವು ಮನಿಗೆ ಬಂದ ಮೆಹಮಾನ್, ಹೌದಲ್ರೀ?" ಅವರ ದನಿಯಲ್ಲಿ ಕುಟುಕು ಇರಲಿಲ್ಲ. "ಇಡ್ಲೇನ್ರಿ?"

ಇಟ್ಟರು. ಫೋನು ಕೈಯಲ್ಲೇ ಉಳಿಯಿತು. ಕಿಟಕಿಯ ಸಂದಿಯಿಂದ ಥಂಡಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದನ್ನೇ ಕಾರಣ ಮಾಡಬಹುದಿತ್ತು.

"ಏನಂದ್ಲು? ಬೈದ್ಲೇನು?" ಅಂದರು ಅತ್ತೆ.

"ಇಲ್ರಿ. ಬೈಲಿಲ್ಲ."

ಅತ್ತೆ ಮಫ್ಲರು ಕಿವಿಯ ಮೇಲೆ ಎಳೆದುಕೊಂಡರು.

"ಬೈಲಿಲ್ಲೇನು? ಹಂಗಾರ ಕೆಟ್ಟತು ನೋಡು."